ಗಾಳಿಯಲ್ಲಿ ಎಬ್ಬಿಸುವವರು

ಮರ ಕೊಯ್ಯುವ ಮೆಷಿನ್ನು ಗಾಳಿಯಲ್ಲಿತ್ತು. ಪೈಲ್ವಾನನ ಎಡಗೈ ಅದನ್ನು ಕೆಳಕ್ಕೆ ಒಗೆಯುತ್ತಿತ್ತು, ಬಲಗೈ ಅದನ್ನು ಎಬ್ಬಿಸುವ ಹಗ್ಗವನ್ನು ಮೇಲಕ್ಕೆ ಜಗ್ಗುತ್ತಿತ್ತು. ಎರಡರ ನಡುವೆ ಆರು ಕಿಲೋ ಲೋಹ, ಅರ್ಧ ಲೀಟರ್ ಪೆಟ್ರೋಲು ಮತ್ತು ನಿನ್ನೆಯಷ್ಟೇ ಚೂಪು ಮಾಡಿದ ಒಂದು ಸಾಲು ಹಲ್ಲು ಅವನ ತೊಡೆಯಿಂದ ಗೇಣು ದೂರದಲ್ಲಿ ಜೀಕುತ್ತಿದ್ದವು.

"ಫೇಲ್," ಅಂದರು ಪರೀಕ್ಷೆ ಮಾಡಲು ಬಂದಿದ್ದ ಸಾಹೇಬರು.

ಇಂಜಿನ್ನು ಇನ್ನೂ ಒಂದು ಸಲವೂ ಗುರ್ರೆಂದಿರಲಿಲ್ಲ. ಪೈಲ್ವಾನ ಮೆಷಿನ್ನನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡು ಕಣ್ಣು ಕಣ್ಣು ಬಿಟ್ಟ.

"ಏನ್ ಸಾರ್, ನಾನಿನ್ನೂ ಶುರುನೇ ಮಾಡಿಲ್ಲ!"

"ಹೇಗೆ ಶುರು ಮಾಡ್ತೀರಿ ಅನ್ನೋದೇ ಪರೀಕ್ಷೆ. ಮೆಷಿನ್ ನೆಲದ ಮೇಲಿರಬೇಕು. ನಿಮ್ಮದು ಎಲ್ಲಿತ್ತು?"

ಪೈಲ್ವಾನ ಮೊದಲು ನೆಲ ನೋಡಿದ, ಆಮೇಲೆ ಆಕಾಶ ನೋಡಿದ, ನಿಜ ಹೇಳುವುದೋ ಬೇಡವೋ ಎಂದು ಯೋಚಿಸಿದ. "ಇಲ್ಲೇ ಎಲ್ಲೋ ಇತ್ತು ಸಾರ್," ಅಂದ.

ಸಾಹೇಬರು ಬರೆದುಕೊಂಡರು. ಅವರು ಉದ್ದಕ್ಕೆ, ತೆಳ್ಳಗೆ, ತುದಿಯಲ್ಲಿ ಸ್ವಲ್ಪ ಮೊಂಡಾಗಿದ್ದರು, ಬರೆಯುವುದೂ ಪೆನ್ಸಿಲಿನಲ್ಲಿ. ಅವರು ಗೇಟು ದಾಟಿ ಐದು ನಿಮಿಷ ಆಗುವಷ್ಟರಲ್ಲಿ ಯಾರ್ಡಿನವರು ಅವರಿಗೆ ಪೆನ್ಸಿಲ್ ಎಂದು ಹೆಸರಿಟ್ಟಾಗಿತ್ತು.

ಇದನ್ನೆಲ್ಲ ಸೊಪ್ಪಕ್ಕ ಬೇಲಿಯ ಪಕ್ಕ ನಿಂತು ನೋಡುತ್ತಿದ್ದಳು. ಅವಳ ತೋಳತುಂಬ ಕೊಂಬೆ. ಹನ್ನೊಂದು ವರ್ಷದಿಂದ ಅವಳ ತೋಳತುಂಬ ಕೊಂಬೆಯೇ. ನಗರಸಭೆಯ ಮರ ಕಡಿಯುವ ತಂಡದಲ್ಲಿ ಇದ್ದವರು ನಾಲ್ಕೇ ಜನ: ಮೂವರು ಗಂಡಸರು ಚೈನ್ ಸಾ ಹಿಡಿದು ಕತ್ತರಿಸುತ್ತಾರೆ, ಇವಳು ಬಿದ್ದ ಸೊಪ್ಪು ಸದೆಯನ್ನೆಲ್ಲ ಎಳೆದು ಲಾರಿಗೆ ತುಂಬುತ್ತಾಳೆ. ಹೆಸರು ಬಿದ್ದದ್ದು ಹಾಗೆ. ಬಿಡುವಿದ್ದಾಗ ಶೆಡ್ಡಿನಲ್ಲಿ ಕೂತು ಮೆಷಿನ್ನುಗಳ ಹಲ್ಲುಗಳಿಗೆ ಅರ ಹಾಕುತ್ತಾಳೆ, ಫಿಲ್ಟರ್ ತೊಳೆಯುತ್ತಾಳೆ, ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸುತ್ತಾಳೆ. ಮೆಷಿನ್ನಿನ ಹೊಟ್ಟೆಯಲ್ಲಿ ಎಲ್ಲಿ ಏನು ಸಿಕ್ಕಿಕೊಂಡಿದೆ ಎಂಬುದು ಅವಳಿಗೆ ಕಣ್ಣುಮುಚ್ಚಿದರೂ ಗೊತ್ತು. ಆದರೆ ಹಗ್ಗ ಎಳೆಯುವ ಹಾಗಿಲ್ಲ. ಹಗ್ಗ ಗಂಡಸರದು.

ಈ ಕಾನೂನು ಮಾಡಿದವನು ತಂಡದ ಮೇಸ್ತ್ರಿ. ಅವನು ಅವಳ ಸ್ವಂತ ಸೋದರಮಾವ, ತಾಯಿಯ ಒಡಹುಟ್ಟಿದ ತಮ್ಮ. "ನಿಮ್ಮಮ್ಮನಿಗೆ ಮಾತು ಕೊಟ್ಟಿದೀನಿ ಕಣೇ, ನಿನ್ನ ಕೈಗೆ ಮೆಷಿನ್ ಕೊಡಲ್ಲ ಅಂತ," ಎನ್ನುತ್ತಿದ್ದ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಬದುಕಿದ್ದಾಗ ತಮ್ಮನ ಜೊತೆ ಮಾತೇ ಬಿಟ್ಟಿದ್ದವಳು ಸತ್ತಮೇಲೆ ಅವನಿಗೆ ಬೇಕಾದಾಗಲೆಲ್ಲ ಎದ್ದು ಬಂದು ಒಂದೊಂದು ಮಾತು ತೆಗೆದುಕೊಂಡು ಹೋಗುತ್ತಿದ್ದಳು.

ಹೋದ ತಿಂಗಳು ಪಕ್ಕದ ವಲಯದ ತಂಡದಲ್ಲಿ ಒಬ್ಬ ಹೀಗೆಯೇ ಗಾಳಿಯಲ್ಲಿ ಮೆಷಿನ್ನು ಎಬ್ಬಿಸಲು ಹೋಗಿ ತನ್ನ ತೊಡೆಯನ್ನೇ ಕೊಯ್ದುಕೊಂಡಿದ್ದ. ಅದಾದ ಮೇಲೆ ಮೇಲಿನಿಂದ ಸುತ್ತೋಲೆ ಬಂತು: ಇನ್ನು ಮುಂದೆ ಕಾರ್ಡ್ ಇದ್ದವರು ಮಾತ್ರ ಚೈನ್ ಸಾ ಮುಟ್ಟಬೇಕು. ಕಾರ್ಡ್ ಬೇಕಾದರೆ ಪರೀಕ್ಷೆ. ತಂಡದಲ್ಲಿ ಒಬ್ಬರಿಗೂ ಕಾರ್ಡ್ ಸಿಗದಿದ್ದರೆ ಮೆಷಿನ್ನುಗಳಿಗೆ ಸೀಲು, ತಂಡದವರಿಗೆ ಪೊರಕೆ. ಚರಂಡಿ ವಿಭಾಗದಲ್ಲಿ ಜನ ಸಾಲದು ಅಂತ ಸುತ್ತೋಲೆಯ ಕೊನೆಯ ಸಾಲಿನಲ್ಲಿ ಬೇರೆ ಬರೆದಿದ್ದರು.

ಸುತ್ತೋಲೆಯನ್ನು ಮಾವ ಗಟ್ಟಿಯಾಗಿ ಓದಿ, ನಾಲ್ಕಾಗಿ ಮಡಚಿ, ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದ. ಸೊಪ್ಪಕ್ಕ ಅದನ್ನು ಮೇಜಿನ ಕಾಲಿನಿಂದ ತೆಗೆದು ಇನ್ನೊಮ್ಮೆ ಓದಿದ್ದಳು. 'ತಂಡದ ಸದಸ್ಯರು' ಎಂದಿತ್ತು. ಗಂಡಸರು ಎಂದಿರಲಿಲ್ಲ. ಅವತ್ತಿನಿಂದ ಅವಳಿಗೆ ಊಟ ರುಚಿಸಿರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ: ಒಂದು ಹಗ್ಗ, ಅದರ ತುದಿಯಲ್ಲಿ ಒಂದು ಇಂಜಿನ್ನು, ಅದರ ಮುಂದೆ ಒಂದು ಮರ. ಇನ್ನೊಬ್ಬರು ಕಡಿದದ್ದನ್ನು ಎಳೆದು ಎಳೆದು ಅವಳ ಭುಜ ಕಿತ್ತು ಬಂದಿತ್ತು ಎನ್ನುವುದು ಅರ್ಧ ಕಾರಣ. ಇವರು ಕಡಿಯುವ ಚಂದ ನೋಡಿ ನೋಡಿ ಅವಳಿಗೆ ಹೇಸಿಗೆ ಹುಟ್ಟಿತ್ತು ಎನ್ನುವುದು ಉಳಿದರ್ಧ.

"ಮುಂದಿನವರು," ಅಂದರು ಪೆನ್ಸಿಲ್.

ಮುಂದಿನವನು ತಾತ. ಯಾರ ತಾತನೂ ಅಲ್ಲ, ಮದುವೆಯೇ ಆಗಿರಲಿಲ್ಲ. ಆದರೆ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಸೇರಿದವನು. ಮೂವತ್ತೈದು ವರ್ಷ ಕಿವಿಗೆ ಏನೂ ಹಾಕಿಕೊಳ್ಳದೆ ಮೆಷಿನ್ನು ಓಡಿಸಿದ್ದಕ್ಕೆ ಈಗ ಅವನ ಕಿವಿಯೊಳಗೆ ಸದಾ ಒಂದು ಮೆಷಿನ್ನು ಓಡುತ್ತಿತ್ತು, ಅದರಾಚೆ ಬೇರೇನೂ ಕೇಳುತ್ತಿರಲಿಲ್ಲ. ಅವನು ಹೊಸ ಮೆಷಿನ್ನನ್ನು ಪೈಲ್ವಾನನ ಕೈಯಿಂದ ಕಿತ್ತುಕೊಂಡ, ಗಾಳಿಗೆ ಎಸೆದ, ಒಂದೇ ಏಟಿಗೆ ಎಬ್ಬಿಸಿದ.

"ಫೇಲ್," ಅಂದರು ಪೆನ್ಸಿಲ್.

ತಾತ ದಿಮ್ಮಿಯ ಕಡೆ ಹೊರಟ.

"ಫೇಲ್! ರೀ! ಫೇಲ್!"

ತಾತ ಹೆಲ್ಮೆಟ್ಟಿಲ್ಲದ ತಲೆ ಅಲ್ಲಾಡಿಸಿಕೊಂಡು, ಚಪ್ಪಲಿಗಾಲಲ್ಲಿ ದಿಮ್ಮಿಯ ಮೇಲೆ ಹತ್ತಿ ನಿಂತು, ತನ್ನ ಎರಡು ಪಾದಗಳ ನಡುವೆಯೇ ಮೂರು ಬಿಲ್ಲೆ ಕೊಯ್ದ. ರೊಟ್ಟಿಯಂಥ ಬಿಲ್ಲೆಗಳು, ಒಂದೇ ದಪ್ಪ. ಪೆನ್ಸಿಲ್ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದರು. ಮೆಷಿನ್ನು ಆರಿಸಿ ಬೆವರೊರೆಸಿಕೊಂಡು ಬಂದ ತಾತನ ಮುಂದೆ ಅವರು ಕಾಗದ ಹಿಡಿದರು. ತಾತ ಅದನ್ನು ಕೈಯುದ್ದ ದೂರ ಹಿಡಿದು ಓದಿದ.

"ಫೇಲಾ? ಎಷ್ಟು ಮಾರ್ಕಲ್ಲಿ ಹೋಯ್ತು ಸಾರ್?"

ಪೆನ್ಸಿಲ್ ಐದೂ ಬೆರಳು ಅಗಲಿಸಿ ಕೈಯಾಡಿಸಿದರು.

"ಐದೇ ಮಾರ್ಕು," ತಾತ ಪೈಲ್ವಾನನಿಗೆ ಹೇಳಿದ. "ಸ್ವಲ್ಪದರಲ್ಲಿ ತಪ್ಪೋಯ್ತು ನೋಡು."

ಈಗ ಮೇಸ್ತ್ರಿ ಸೊಂಟದ ಬೆಲ್ಟು ಬಿಗಿ ಮಾಡಿಕೊಂಡ. ಯಾರ್ಡಿನಲ್ಲಿ ಒಂದು ಲೆಕ್ಕ ಇತ್ತು: ನಾಲ್ಕು ಜನ, ಮೂವತ್ತೇಳು ಬೆರಳು. ಕಮ್ಮಿಯಾದ ಮೂರರಲ್ಲಿ ಎರಡು ಮೇಸ್ತ್ರಿಯವು. ಅವನ್ನು ಅವನು ಅನುಭವ ಎನ್ನುತ್ತಿದ್ದ.

"ಸಾರ್, ಹುಡುಗ್ರಿಗೆ ಅಭ್ಯಾಸ ತಪ್ಪೋಗಿದೆ. ನಾನು ತೋರಿಸ್ತೀನಿ ನೋಡಿ, ಪುಸ್ತಕದಲ್ಲಿ ಇದ್ದ ಹಾಗೆ."

ಪುಸ್ತಕವನ್ನು ಮಾವ ಓದಿರಲಿಲ್ಲ. ಮೆಷಿನ್ನಿನ ಡಬ್ಬದಲ್ಲಿ ಬಂದಿದ್ದ ಆ ಪುಸ್ತಕ ವರ್ಷಗಟ್ಟಲೆ ಟೀ ಪಾತ್ರೆಯ ಕೆಳಗಿತ್ತು. ಅದನ್ನು ಓದಿದವಳು ಸೊಪ್ಪಕ್ಕ, ಪುಟಗಳ ಮೇಲಿನ ಉಂಗುರಗಳ ಸಮೇತ. ಅದರಲ್ಲಿ ಮುಖವಿಲ್ಲದ ಒಬ್ಬ ಮನುಷ್ಯನ ಚಿತ್ರಗಳಿದ್ದವು. ಅವನು ಮೆಷಿನ್ನನ್ನು ಗಾಳಿಯಲ್ಲಿ ಎಬ್ಬಿಸುತ್ತಿದ್ದ, ಏಣಿ ಹತ್ತಿ ಕೊಯ್ಯುತ್ತಿದ್ದ, ಹೆಗಲಿಗಿಂತ ಮೇಲೆತ್ತಿ ಕೊಯ್ಯುತ್ತಿದ್ದ, ಸಿಗರೇಟು ಸೇದುತ್ತ ಪೆಟ್ರೋಲು ಹಾಕುತ್ತಿದ್ದ. ಪ್ರತಿಯೊಂದರ ಮೇಲೂ ಕೆಂಪು ಗೀಟು. ಮಾವನನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು.

ತಾತ ಓಡಿಸಿದ್ದ ಹೊಸ ಮೆಷಿನ್ನು ಬಿಸಿಯಾಗಿತ್ತು. ಪರೀಕ್ಷೆಗೆ ತಣ್ಣಗಿನ ಇಂಜಿನ್ನೇ ಆಗಬೇಕೆಂದು ಪೆನ್ಸಿಲ್ ಹಟ ಹಿಡಿದರು. ಹಾಗಾಗಿ ಶೆಡ್ಡಿನಿಂದ ಮುದುಕಿಯನ್ನು ತಂದರು. ಮುದುಕಿ ಅಂದರೆ ಯಾರ್ಡಿನ ಎರಡನೆಯ ಚೈನ್ ಸಾ. ಬಣ್ಣ ಹೋಗಿ, ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿಸಿಕೊಂಡು, ಮನಸ್ಸು ಬಂದರೆ ಮಾತ್ರ ಏಳುವ ಮೆಷಿನ್ನು.

ಮಾವ ಅದನ್ನು ನೆಲದ ಮೇಲಿಟ್ಟ. ಬಗ್ಗಿ ನೆಲದ ಮೇಲೇ ಇದೆ ಎಂದು ಕೈಯಿಂದ ತೋರಿಸಿದ. ಹಿಂದಿನ ಹಿಡಿಕೆಯೊಳಗೆ ಬಲಗಾಲಿನ ತುದಿ ತೂರಿಸಿ ಅದುಮಿದ, ಎಡಗೈಯಲ್ಲಿ ಮುಂದಿನ ಹಿಡಿಕೆ ಹಿಡಿದ, ತಣ್ಣಗಿನ ಇಂಜಿನ್ನಿಗೆ ಪೆಟ್ರೋಲು ಹೆಚ್ಚು ಬಿಡುವ ಚೋಕನ್ನು ಪೂರ್ತಿ ಹಾಕಿದ. ಪೆನ್ಸಿಲ್ ಮೊದಲ ಸಲ ತಲೆದೂಗಿದರು.

ಒಂದು ಸಲ ಎಳೆದ. ಎರಡು ಸಲ. "ನಮ್ಮ ಕಾಲದಲ್ಲಿ ಸಾರ್," ಎಂದು ಮೂರನೆಯ ಸಲ ಎಳೆದ. ಮೆಷಿನ್ನು ಒಂದು ಸಲ 'ಖೊಕ್' ಎಂದು ಕೆಮ್ಮಿತು. ಆ ಸದ್ದು ಸೊಪ್ಪಕ್ಕನಿಗೆ ಬೇಲಿಯ ತನಕ ಕೇಳಿಸಿತು. ಪುಸ್ತಕದ ಒಂಬತ್ತನೇ ಪುಟ: ಇಂಜಿನ್ನು ಒಮ್ಮೆ ಕೆಮ್ಮಿದ ಕೂಡಲೇ ಚೋಕ್ ಒಂದು ಮೆಟ್ಟಿಲು ತೆಗೆಯಬೇಕು. ಮಾವನಿಗೆ ತನ್ನ ಕಾಲದ ಕಥೆಯ ನಡುವೆ ಮೆಷಿನ್ನಿನ ಕೆಮ್ಮು ಕೇಳಲಿಲ್ಲ. ಚೋಕ್ ಹಾಗೇ ಇಟ್ಟುಕೊಂಡು ನಾಲ್ಕನೆಯ ಸಲ ಎಳೆದ, ಐದು, ಆರು, ಏಳು. ಪೆಟ್ರೋಲಿನ ವಾಸನೆ ಎದ್ದಿತು. ಮುದುಕಿಯ ಗಂಟಲ ತನಕ ಪೆಟ್ರೋಲು ತುಂಬಿತ್ತು, ಉಸಿರಾಡಲು ಜಾಗ ಉಳಿದಿರಲಿಲ್ಲ.

ಎಂಟನೆಯ ಸಲಕ್ಕೆ ಮಾವನ ಕತ್ತಿನ ನರ ಎದ್ದು ನಿಂತಿತು. ಅವನ ಮುಖ ಬೇಡ ಬೇಡ ಎನ್ನುತ್ತಿತ್ತು. ಕೈಗಳು ಮುಖದ ಮಾತು ಕೇಳಲಿಲ್ಲ. ಅವು ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದವು: ಮುದುಕಿಯನ್ನು ನೆಲದಿಂದ ಎತ್ತಿ ಗಾಳಿಗೆ ಎಸೆದವು.

ಪೆನ್ಸಿಲ್ ಹೇಳುವ ಮೊದಲೇ, ಫೇಲ್ ಎಂದು ಮಾವನೇ ಅಂದುಕೊಂಡ.

"ಇನ್ಯಾರಿದೀರಿ?" ಪೆನ್ಸಿಲ್ ಪಟ್ಟಿ ತಿರುಗಿಸಿದರು.

"ಇನ್ಯಾರೂ ಇಲ್ಲ ಸಾರ್," ಅಂದ ಮಾವ. "ಇನ್ನೊಂದು ಅವಕಾಶ ಕೊಡಿ. ನಾಳೆ ಬನ್ನಿ. ನಾಡಿದ್ದು ಬನ್ನಿ."

"ನಾನಿದೀನಿ," ಅಂದಳು ಸೊಪ್ಪಕ್ಕ.

ತೋಳಲ್ಲಿದ್ದ ಕೊಂಬೆಯನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದಳು. ಎಲೆ ಎಲೆ ಮೈಗಂಟಿಕೊಂಡಿತ್ತು.

ಪೈಲ್ವಾನ ಕಿಸಕ್ಕನೆ ನಕ್ಕ. "ಅಕ್ಕ, ಇದು ಪೊರಕೆ ಅಲ್ಲ."

"ಪೊರಕೆ ಸಂಜೆಗೆ ನಿನ್ನ ಕೈಗೆ ಬರುತ್ತೆ ಕಣೋ, ಸ್ವಲ್ಪ ತಡಿ."

"ಲೇ, ಸುಮ್ನಿರು," ಮಾವ ಹಲ್ಲು ಕಚ್ಚಿಕೊಂಡು ಅಂದ. "ನಿಮ್ಮಮ್ಮ..."

"ಅಮ್ಮ ಇವತ್ತು ರಜಾ ಹಾಕಿದಾಳೆ ಮಾವ."

ಪೆನ್ಸಿಲ್ ಪಟ್ಟಿಯ ಮೇಲೆ ಬೆರಳಾಡಿಸಿದರು. "ತಂಡದ ಸದಸ್ಯರೇನಮ್ಮ ನೀವು?"

"ಹನ್ನೊಂದು ವರ್ಷದಿಂದ ಸಾರ್."

"ಹಾಗಾದ್ರೆ ಬನ್ನಿ. ಹದಿನೈದು ನಿಮಿಷ ಟೈಮು."

ಮಾವನ ಮುಖದಲ್ಲಿ ಚರಂಡಿ ವಿಭಾಗ ಹಾದುಹೋದದ್ದು ಎಲ್ಲರಿಗೂ ಕಾಣಿಸಿತು. ಅವನು ಅವಳ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ, "ಏನಾದ್ರೂ ಮಾಡಿ ಪಾಸಾಗು ಕಣೇ," ಅಂದ. "ಆದ್ರೆ ಮುದುಕಿ ಈ ಜನ್ಮದಲ್ಲಿ ಏಳಲ್ಲ, ಹೇಳಿಬಿಟ್ಟಿದೀನಿ."

ಅವಳು ಮೊದಲು ಶೆಡ್ಡಿಗೆ ಹೋದಳು. ಬೀರುವಿನ ತಳದಲ್ಲಿ ರಕ್ಷಣೆಯ ಸಾಮಾನಿತ್ತು, ಇನ್ನೂ ಪ್ಲಾಸ್ಟಿಕ್ಕಿನಲ್ಲಿ. ನಾಲ್ಕು ವರ್ಷದಿಂದ ಯಾರೂ ಒಡೆದಿರಲಿಲ್ಲ. ಪೈಲ್ವಾನ ಮಾತ್ರ ಒಂದು ಜೊತೆ ಕೈಗವಸನ್ನು ಬಿಸಿ ಪಾತ್ರೆ ಇಳಿಸಲು ಮನೆಗೆ ಒಯ್ದಿದ್ದ. ಹೆಲ್ಮೆಟ್ಟು, ಅದಕ್ಕೆ ಮುಖದ ಜಾಲರಿ, ಕಿವಿಗೆ ಮುಚ್ಚಳ, ಬೂಟು, ಸೊಂಟದಿಂದ ಪಾದದ ತನಕ ಬರುವ, ಒಳಗೆ ದಪ್ಪ ನಾರು ತುಂಬಿದ ಕಾಲುಗವಸು. ಕಾಲುಗವಸು ಯಾವನೋ ಆರಡಿಯವನಿಗೆ ಹೊಲಿದದ್ದು. ಅವಳು ಅದನ್ನು ಎರಡು ಸುತ್ತು ಮಡಚಿ ಕಟ್ಟಿಕೊಂಡು ಹೊರಗೆ ಬಂದಾಗ ತಾತ ಎದ್ದು ನಿಂತ, ಯಾವುದೋ ದೊಡ್ಡ ಅಧಿಕಾರಿ ಬಂದರೆಂದು.

"ಎಲ್ಲಾ ಹಿಂದಕ್ಕೆ ಹೋಗಿ. ಹತ್ತು ಹೆಜ್ಜೆ," ಅಂದಳು.

ಪೈಲ್ವಾನ ನಾಲ್ಕು ಹೆಜ್ಜೆ ಹೋದ. ಅವಳು ಕಾದಳು. ಅವನು ಉಳಿದ ಆರನ್ನೂ ಹೋದ.

"ಮಾವ, ಸಿಗರೇಟ್ ಆರ್ಸಿ."

"ಅಲ್ಲಿಗೂ ಇಲ್ಲಿಗೂ ಎಷ್ಟು ದೂರ ಇದೆ..."

"ಆರ್ಸಿ."

ಪೆನ್ಸಿಲ್ ಏನೋ ಬರೆದುಕೊಂಡರು. ಮಾವ ಸಿಗರೇಟನ್ನು ಬೂಟಿನಡಿ ಇಷ್ಟಿಷ್ಟೇ, ಬಹಳ ಹೊತ್ತು ತಿಕ್ಕಿದ.

ಅವಳು ಮುದುಕಿಯ ಪಕ್ಕ ಮಂಡಿಯೂರಿ ಕೂತಳು. ಮುಚ್ಚಳ ತೆಗೆದು, ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿದಳು. ಅಂದುಕೊಂಡ ಹಾಗೆಯೇ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟಳು. ಚೋಕ್ ಪೂರ್ತಿ ತೆಗೆದು, ಪ್ಲಗ್ಗಿಲ್ಲದ ತೂತನ್ನು ಆಚೆ ತಿರುಗಿಸಿ ಹಗ್ಗವನ್ನು ಆರೇಳು ಸಲ ಎಳೆದಳು. ಮುದುಕಿ ಒಳಗಿದ್ದ ಪೆಟ್ರೋಲನ್ನೆಲ್ಲ ಸಣ್ಣಗೆ ಉಗುಳಿತು. ಆಮೇಲೆ ಸಾಮಾನನ್ನೆಲ್ಲ ಎತ್ತಿಕೊಂಡು, ಆ ಒದ್ದೆಯಿಂದ ದೂರ, ಸಮತಟ್ಟಾದ ಒಣ ನೆಲಕ್ಕೆ ಹೋದಳು. ಅಲ್ಲಿ ಪ್ಲಗ್ಗು ಕೂರಿಸಿದಳು. ಹಲ್ಲಿನ ಚೈನನ್ನು ಬೆರಳಲ್ಲಿ ಎತ್ತಿ ನೋಡಿದಳು, ಜೋತುಬಿದ್ದಿತ್ತು. ಸ್ಪಾನರ್ ತೆಗೆದು, ಕೈಯಿಂದ ಎಳೆದರೆ ಓಡಬೇಕು, ಬಿಟ್ಟರೆ ಅದು ಸುತ್ತುವ ಉಕ್ಕಿನ ಪಟ್ಟಿಗೆ ಅಂಟಿಕೊಳ್ಳಬೇಕು, ಅಷ್ಟು ಬಿಗಿ ಮಾಡಿದಳು. ಚೈನಿಗೆ ಹೋಗುವ ಆಯಿಲ್ ನೋಡಿದಳು. ಮುಂದಿನ ಹಿಡಿಕೆಯ ಎದುರಿಗಿರುವ, ಚೈನನ್ನು ನಿಲ್ಲಿಸುವ ಬ್ರೇಕಿನ ತಡೆಯನ್ನು ಮುಂದಕ್ಕೆ ತಳ್ಳಿದಳು. ಅದು ಟಕ್ಕೆಂದು ಕೂತಿತು. ನಿನ್ನೆ ಅದರೊಳಗಿಂದ ಒಂದು ಮುಷ್ಟಿ ಮರದ ಪುಡಿ ಕೆರೆದು ತೆಗೆದಿದ್ದಳು. ಹೊಸ ಮೆಷಿನ್ನಿನ ಬ್ರೇಕಿನ ವಿಷಯ ಬೇರೆ. ಅದು ಮತ್ತೆ ಮತ್ತೆ ಬಿದ್ದು ಕೆಲಸ ನಿಲ್ಲಿಸುತ್ತದೆಂದು ಮಾವ ಅದನ್ನು ತಂತಿಯಿಂದ ಕಟ್ಟಿಹಾಕಿದ್ದ.

"ಎಂಟು ನಿಮಿಷ ಆಯ್ತು," ಪೆನ್ಸಿಲ್ ಅಂದರು.

"ಇಷ್ಟೊತ್ತಿಗೆ ನಾನು ಒಂದು ಲಾರಿ ತುಂಬಿಸ್ತಿದ್ದೆ," ಅಂದ ಪೈಲ್ವಾನ.

"ಆ ಲಾರಿ ತುಂಬೋಳು ನಾನು ಕಣೋ."

ಅವಳು ಎದ್ದು, ಹಿಡಿಕೆಯೊಳಗೆ ಬೂಟಿನ ತುದಿ ತೂರಿಸಿ ಅದುಮಿದಳು. ಎಡಗೈ ನೇರ, ಹೆಬ್ಬೆರಳು ಹಿಡಿಕೆಯ ಅಡಿಗೆ ಸುತ್ತಿಕೊಂಡು. ಹಗ್ಗವನ್ನು ಮೆಲ್ಲಗೆ ಎಳೆದಳು. ಒಳಗೆ ಏನೋ ತಡೆಯುವ ತನಕ. ಆಮೇಲೆ ಬೀಸಿ ಎಳೆದಳು.

ಏನೂ ಇಲ್ಲ.

ಮತ್ತೆ ಎಳೆದಳು. ಏನೂ ಇಲ್ಲ. ಮೂರನೆಯ ಸಲ. ಏನೂ ಇಲ್ಲ.

"ಎತ್ತಿ ಎಸಿಯೇ!" ಮಾವ ಹತ್ತು ಹೆಜ್ಜೆ ಆಚೆಯಿಂದ ಕೂಗಿದ. ಪಾಪ, ಅದು ಕುಹಕವಲ್ಲ. ನಿಜವಾದ ಕಕ್ಕುಲಾತಿಯಿಂದ ಕೂಗಿದ್ದ.

ಆಗ ಅವಳಿಗೆ ಒಂದು ವಿಷಯ ತಿಳಿಯಿತು. ಅವಳ ಎಡಗೈ ಮೆಷಿನ್ನನ್ನು ಎತ್ತಲು ಹೊರಟಿತ್ತು. ಇವತ್ತಿನ ತನಕ ಒಂದು ಸಲವೂ ಹಗ್ಗ ಎಳೆಯದಿದ್ದವಳ ಕೈಗೂ ಅದು ಬಂದಿತ್ತು, ಬರೀ ನೋಡಿ. ಹನ್ನೊಂದು ವರ್ಷ ದಿನಕ್ಕೆ ಹತ್ತು ಸಲ ನೋಡಿದ್ದು ಭುಜದಲ್ಲಿ ಬಂದು ಕೂತಿತ್ತು. ಅವಳು ಬೂಟನ್ನು ಇನ್ನೂ ಗಟ್ಟಿಯಾಗಿ ಅದುಮಿದಳು, ಕಾಲ ಮೇಲೆ ಮೈಭಾರ ಹಾಕಿದಳು, ತನ್ನ ಕೈಯ ಮೇಲೆ ತಾನೇ ನಿಂತ ಹಾಗೆ. ಚೋಕನ್ನು ಅರ್ಧಕ್ಕೆ ತಂದಳು. ಎಳೆದಳು.

ಮುದುಕಿ ಎದ್ದಳು. ಏಳುವುದೆಂದರೆ ಸುಮ್ಮನೆ ಏಳಲಿಲ್ಲ. ನೀಲಿ ಹೊಗೆ ಕಾರಿ, ಯಾರ್ಡಿನ ತಗಡನ್ನೆಲ್ಲ ನಡುಗಿಸಿ, ಮಾವನ ಮೂವತ್ತು ವರ್ಷಕ್ಕೆ ಬಾಯಿಗೆ ಬಂದದ್ದು ಬೈಯುತ್ತ ಎದ್ದಳು. ಕಾಲಡಿಯಿಂದ ಮಂಡಿ, ಮಂಡಿಯಿಂದ ದವಡೆ, ಎಲ್ಲ ಕಡೆ ಆ ನಡುಕ ಹತ್ತಿತು. ಸೊಪ್ಪಕ್ಕನಿಗೆ ಜಾಲರಿಯ ಹಿಂದೆ ನಗು ಬಂತು. ಯಾರಿಗೂ ಕಾಣದ ನಗುವಾದ್ದರಿಂದ ಹಲ್ಲೆಲ್ಲ ಬಿಟ್ಟು ನಕ್ಕಳು.

ಒಂದು ಸಲ ರೇಸ್ ಒತ್ತಿ ಬಿಟ್ಟಳು. ಇಂಜಿನ್ನು ತಗ್ಗಿ ಗುರುಗುಟ್ಟತೊಡಗಿತು. ಎರಡೂ ಕೈಯಲ್ಲಿ ಎತ್ತಿಕೊಂಡು ಬ್ರೇಕು ಬಿಡಿಸಿದಳು. ಚೈನು ತಾನಾಗಿ ತಿರುಗುತ್ತಿಲ್ಲ, ಸರಿ. ಒಂದು ಬೊಡ್ಡೆಯ ಮೇಲೆ ಪಟ್ಟಿಯ ತುದಿ ಹಿಡಿದು ರೇಸ್ ಕೊಟ್ಟಳು; ಬೊಡ್ಡೆಯ ಮೇಲೆ ಆಯಿಲ್ಲಿನ ತೆಳು ಗೆರೆ ಬಿತ್ತು. ಸರಿ.

ದಿಮ್ಮಿಯ ಹತ್ತಿರ ಹೋಗಿ ಮೊದಲು ಸುಮ್ಮನೆ ನೋಡಿದಳು. ಎರಡು ತುದಿಗೂ ಆಸರೆ, ನಡುವೆ ಖಾಲಿ. ಇಂಥದ್ದನ್ನು ಮೇಲಿನಿಂದಲೇ ಪೂರ್ತಿ ಕೊಯ್ದರೆ ಮರ ಕುಸಿದು ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ. ಗಂಡಸರು ವಾರಕ್ಕೆ ಎರಡು ಸಲ ಹಾಗೆ ಸಿಕ್ಕಿಸಿಕೊಂಡು, ಮರದ ತಾಯಿಯನ್ನು ಬೈಯುತ್ತಿದ್ದರು. ಅವಳು ಚೈನಿನ ನೇರಕ್ಕೆ ಮೈಯಿರದ ಹಾಗೆ ಎಡಕ್ಕೆ ಸರಿದು ನಿಂತು ಮೇಲಿನಿಂದ ಮೂರನೇ ಒಂದು ಪಾಲು ಕೊಯ್ದಳು. ಆಮೇಲೆ ಅಡಿಯಿಂದ. ಅಡಿಯಿಂದ ಕೊಯ್ಯುವಾಗ ಮೆಷಿನ್ನು ತಿರುಗಿ ಅವಳನ್ನೇ ತಳ್ಳಿತು. ಅವಳು ಸೊಂಟ ಕೊಟ್ಟು ತಡೆದಳು. ಎರಡು ಗಾಯವೂ ಕೂಡಿಕೊಂಡು ದಿಮ್ಮಿ ಧೊಪ್ಪನೆ ಇಬ್ಭಾಗವಾಯಿತು. ಒಂದು ತುಂಡಿನಿಂದ, ಪರೀಕ್ಷೆಗೆ ಬೇಕಾದ ಮೂರು ಬಿಲ್ಲೆಗಳಲ್ಲಿ ಮೊದಲನೆಯದನ್ನೂ ಕೊಯ್ದಳು. ಸ್ವಲ್ಪ ಸೊಟ್ಟ.

ಎರಡನೆಯ ತುಂಡು ಆಸರೆಯಿಂದಾಚೆ ಗಾಳಿಯಲ್ಲಿ ಚಾಚಿಕೊಂಡಿತ್ತು. ಇದಕ್ಕೆ ಮೊದಲು ಅಡಿ, ಆಮೇಲೆ ಮೇಲೆ. ಅವಳ ಗಮನವೆಲ್ಲ ಅಡಿಯ ಕೊಯ್ತದ ಮೇಲಿತ್ತು. ಪಟ್ಟಿಯ ತುದಿ ಆಚೆ ಏನು ಮಾಡುತ್ತಿದೆ ಎಂದು ನೋಡಲಿಲ್ಲ. ಆಚೆ ಒಂದು ಕೊಂಬೆಯ ಮೊಟಕು ಇತ್ತು. ಅವಳೇ ಎಳೆದುಕೊಂಡು ಹೋಗಬೇಕಾಗಿದ್ದ ಕೊಂಬೆ. ಇವತ್ತು ಅವಳು ಎಳೆದಿರಲಿಲ್ಲ.

ತುದಿ ಅದಕ್ಕೆ ತಗುಲಿತು. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ, ಮೆಷಿನ್ನು ಹಾವಿನ ಹಾಗೆ ಹೆಡೆಯೆತ್ತಿ ಅವಳ ಮುಖದ ಕಡೆ ಜಿಗಿಯಿತು. ಎಡ ಮಣಿಕಟ್ಟು ಬ್ರೇಕಿನ ತಡೆಗೆ ಬಡಿಯಿತು. ಟಕ್. ಚೈನು ನಿಂತಿತು. ಪಟ್ಟಿ ಅವಳ ಬಲಭುಜದ ಆಚೆ, ಅವಳು ನಿಲ್ಲದೇ ಇದ್ದ ಜಾಗದಲ್ಲಿ, ಆಕಾಶ ತೋರಿಸುತ್ತಿತ್ತು.

ಅವಳು ಇಂಜಿನ್ನು ಆರಿಸಿದಳು. ಆ ಮೊಟಕನ್ನು ನೋಡಿದಳು.

ಮಾವ ಹತ್ತು ಹೆಜ್ಜೆಯನ್ನೂ ಮರೆತು ಓಡಿ ಬಂದಿದ್ದ. ಮುಖ ಸುಣ್ಣವಾಗಿತ್ತು. "ಬಿಟ್ಬಿಡೇ," ಅಂದ. "ಚರಂಡಿ ಆದ್ರೂ ಚಿಂತೆಯಿಲ್ಲ. ಬಿಟ್ಬಿಡು."

ಇದನ್ನು ಮಾತ್ರ ಅವನು ಅಮ್ಮನ ಹೆಸರು ಹಿಡಿಯದೆ ಹೇಳಿದ. ಅವಳು ಜಾಲರಿ ಮೇಲೆತ್ತಿ ಅವನ ಮುಖ ನೋಡಿದಳು.

"ಹಿಂದಕ್ಕೆ ಹೋಗಿ ಮಾವ," ಅಂದಳು ಆಮೇಲೆ.

"ಮುಂದುವರಿಸ್ತೀರಾ?" ಪೆನ್ಸಿಲ್ ಕೇಳಿದರು.

"ಆ ಕೊಂಬೆ ತೆಗೆದು ಮುಂದುವರಿಸ್ತೀನಿ ಸಾರ್."

ಕೊಂಬೆಯನ್ನು ಎಳೆದು ಆಚೆ ಹಾಕಿದಳು. ಆ ಕೆಲಸ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಮೆಷಿನ್ನನ್ನು ಮತ್ತೆ ನೆಲಕ್ಕಿಟ್ಟು, ಬ್ರೇಕು ಹಾಕಿ, ಬೂಟು ತೂರಿಸಿ ಎಳೆದಳು. ಬಿಸಿಯಾಗಿದ್ದ ಮುದುಕಿ ಒಂದೇ ಎಳೆತಕ್ಕೆ ಎದ್ದಳು. ಉಳಿದೆರಡು ಬಿಲ್ಲೆಗಳನ್ನು ಕೊಯ್ಯುವಾಗ ಅವಳ ಕಣ್ಣು ಪಟ್ಟಿಯ ತುದಿ ಬಿಟ್ಟು ಅಲುಗಲಿಲ್ಲ. ಬಿಲ್ಲೆಗಳು ಚಂದವಾಗಿರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ತಾತ ಅವನ್ನು ಕೈಗೆತ್ತಿಕೊಂಡು ನೋಡಿ, ನಿಟ್ಟುಸಿರು ಬಿಟ್ಟು, ತನ್ನವುಗಳ ಪಕ್ಕದಲ್ಲಿಟ್ಟ.

ಪೆನ್ಸಿಲ್ ಬಹಳ ಹೊತ್ತು ಕೂಡಿಸಿ ಕಳೆದರು. ಉಳಿದವರೆಲ್ಲ ಅವರ ಕಾಗದವನ್ನು ತಲೆಕೆಳಗಾಗಿ ಓದಲು ನೋಡಿದರು.

"ತುದಿ ತಗುಲಿಸಿದ್ದಕ್ಕೆ ಮಾರ್ಕು ಹೋಗುತ್ತೆ. ಬಿಲ್ಲೆ ಸೊಟ್ಟ, ಅದಕ್ಕೂ ಹೋಗುತ್ತೆ. ಬ್ರೇಕು ಕೆಲಸ ಮಾಡ್ತು, ಹೆಬ್ಬೆರಳು ಹಿಡಿಕೆಯ ಅಡಿಯಲ್ಲಿತ್ತು, ನಿಂತ ಜಾಗ ಸರಿಯಿತ್ತು. ಅರವತ್ತು ಬಂದ್ರೆ ಪಾಸು. ನಿಮಗೆ ಅರವತ್ತೊಂದು."

"ಒಂದೇ ಮಾರ್ಕು ಜಾಸ್ತಿ," ಪೈಲ್ವಾನ ಗೊಣಗಿದ.

"ನಿಂದೆಷ್ಟಪ್ಪ?" ಅಂದಳು ಸೊಪ್ಪಕ್ಕ.

ಪೈಲ್ವಾನನಿಗೆ ಲಾರಿಯ ಚಕ್ರದಲ್ಲಿ ಗಾಳಿ ನೋಡುವ ಕೆಲಸ ನೆನಪಾಯಿತು.

ಪೆನ್ಸಿಲ್ ಅಲ್ಲೇ ಅಲುಗಾಡುವ ಮೇಜಿನ ಮೇಲೆ ಕಾರ್ಡು ತುಂಬಿ, ಸೀಲು ಒತ್ತಿ, ನೀಲಿ ದಾರಕ್ಕೆ ಸಿಕ್ಕಿಸಿ ಅವಳ ಕೈಗಿತ್ತರು. ಹೊಸ ಮೆಷಿನ್ನಿನ ಬ್ರೇಕಿಗೆ ಕಟ್ಟಿದ್ದ ತಂತಿಯನ್ನು ಮಾವನ ಕೈಯಿಂದಲೇ ಬಿಚ್ಚಿಸಿ, ಅದನ್ನು ಸಾಕ್ಷಿಯೆಂದು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಅವರ ಗಾಡಿ ಗೇಟು ದಾಟುತ್ತಿದ್ದ ಹಾಗೇ ಆಫೀಸಿನಿಂದ ಫೋನು ಬಂತು: ಶಾಲೆಯ ಹಿಂದಿನ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿದೆ, ಗಾಡಿಗಳೆಲ್ಲ ನಿಂತಿವೆ, ಕೂಡಲೇ ಬನ್ನಿ.

ತಾತ ಹಗ್ಗದ ಸುರುಳಿ ಲಾರಿಗೆ ಎಸೆದ. ಪೈಲ್ವಾನ ಹಿಂಬಾಗಿಲು ಬಿಚ್ಚಿದ. ಸೊಪ್ಪಕ್ಕ ಮುದುಕಿಯ ಪಟ್ಟಿಗೆ ಕವಚ ಹಾಕಿ, ಹಿಡಿಕೆ ಹಿಡಿದು, ಪಟ್ಟಿ ಹಿಂದಕ್ಕಿರುವಂತೆ ಎತ್ತಿಕೊಂಡು ಲಾರಿಯ ಕಡೆ ನಡೆದಳು. ಮಾವ ಅವಳನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿದ. ಮುಖಕ್ಕೆ ಬಣ್ಣ ವಾಪಸು ಬಂದಿತ್ತು, ಬಣ್ಣದ ಜೊತೆಗೆ ಮೇಸ್ತ್ರಿಯೂ.

"ಮಗಳೇ," ಅಂದ. ಈ ಶಬ್ದವನ್ನು ಅವನು ರಜೆ ಕೊಡದಿರುವ ದಿನ ಮಾತ್ರ ಬಳಸುತ್ತಿದ್ದ. "ಮಾನ ಉಳಿಸಿದೆ ಕಣೇ. ಇಡೀ ತಂಡದ ಮಾನ. ಇವತ್ತಿನಿಂದ ನೀನು ಒಂದು ಕಡ್ಡಿ ಎತ್ತೋ ಹಾಗಿಲ್ಲ, ಗೊತ್ತಾಯ್ತಾ? ಸೊಪ್ಪೆಲ್ಲ ಪೈಲ್ವಾನ ಎಳೀತಾನೆ."

"ಏನು?" ಪೈಲ್ವಾನ ಲಾರಿಯ ಹಿಂದಿನಿಂದ ತಲೆ ಹೊರಗೆ ಹಾಕಿದ.

"ಬಾಯ್ಮುಚ್ಚೋ. ನೋಡೇ, ಲಾರಿಯಲ್ಲಿ ಮುಂದಿನ ಸೀಟು ನಿಂದು. ಕಿಟಕಿ ಪಕ್ಕದ್ದು. ಅಲ್ಲಿಗೆ ಹೋದ ಕೂಡಲೇ ನೆರಳು ನೋಡಿ ಒಂದು ಕುರ್ಚಿ ಹಾಕಿಸ್ತೀನಿ. ಕೊರಳಲ್ಲಿ ಕಾರ್ಡ್ ಹಾಕ್ಕೊಂಡು ಆರಾಮಾಗಿ ಕೂತ್ಕೋ. ಟೀ ಬರುತ್ತೆ. ಯಾರಾದ್ರೂ ಸಾಹೇಬ್ರು ಬಂದ್ರೆ ಎದ್ದು ನಿಂತು ಕಾರ್ಡ್ ತೋರ್ಸು, ಅವರು ಹೋದ್ಮೇಲೆ ಮತ್ತೆ ಕೂತ್ಕೋ. ಇಷ್ಟೇ ಕೆಲಸ. ಹಾಜರಿ ಪುಸ್ತಕದಲ್ಲಿ ಆಪರೇಟರ್ ಅಂತಲೇ ಬರೆಸ್ತೀನಿ, ಸಂಬಳನೂ ಆಪರೇಟರ್‌ದೇ. ಯಾವ ಮಹಾರಾಣಿಗಿದೆ ಹೇಳು ಇಂಥ ಭಾಗ್ಯ?"

"ಮತ್ತೆ ಮೆಷಿನ್?"

"ಮೆಷಿನ್ ನಾವು ನೋಡ್ಕೋತೀವಿ ಬಿಡು. ನಿಂಗ್ಯಾಕೆ ಆ ತಲೆನೋವು? ಈಗಷ್ಟೇ ಮುಖದ ಹತ್ರ ಬಂದಿತ್ತು, ಮರೆತೋಯ್ತಾ?" ಅವನು ಎರಡು ಬೆರಳಿಲ್ಲದ ಕೈಯನ್ನು ಮುಂದೆ ಚಾಚಿದ. "ಕೊಡಿಲ್ಲಿ."

ಲಾರಿಯ ಇಂಜಿನ್ನು ಆಗಲೇ ಗುರುಗುಡುತ್ತಿತ್ತು. ತಾತ ಮೇಲೆ ಹತ್ತಿ ಕೂತು ಇಬ್ಬರನ್ನೂ ನೋಡುತ್ತಿದ್ದ. ಮಾವನ ಕೈ ಚಾಚಿದಲ್ಲೇ ಇತ್ತು. ಅದರ ಹಿಂದೆ ಅವನ ಮುಖ, ನಿಜಕ್ಕೂ ಏನೋ ಒಳ್ಳೆಯದನ್ನು ಕೊಡುತ್ತಿರುವವನ ಮುಖ.

"ಕೊಡಲ್ಲ," ಅಂದಳು ಸೊಪ್ಪಕ್ಕ.